ಎಲ್ಲವನ್ನೂ ದಾಟಿಸುವ ಪ್ರಾಕ್ಸಿ ಬೇಡ

ಜಾವಾ ಅಪ್ಲಿಕೇಶನ್ ಸರ್ವರ್ ಮೇಲೆ ಪ್ರಾಕ್ಸಿ ಸರ್ವ್‌ಲೆಟ್ ಕೂರಿಸುವುದನ್ನು ನಮ್ಮ ತಂತ್ರಾಂಶದ ಕಸುಬಿನವರು ಒಂದು ಕೆಲಸವೆಂದೇ ಎಣಿಸುವುದಿಲ್ಲ. ಬ್ರೌಸರಿನಲ್ಲಿರುವ ಪುಟಕ್ಕೆ ಹೊರಗಿನ ಸರ್ವರನ್ನು ನೇರವಾಗಿ ಮಾತಾಡಿಸಲಾಗದಿದ್ದರೆ, ಅಥವಾ ಹೊರಗಿನ ಸರ್ವರ್ ಗೊತ್ತುಪಡಿಸಿದ ಐಪಿ ವಿಳಾಸದಿಂದ ಬಂದ ಕರೆಯನ್ನಷ್ಟೇ ಒಪ್ಪುವುದಾದರೆ, ನಡುವೆ ಒಂದು ಸಣ್ಣ ಪ್ರೋಗ್ರಾಂ ಇಡುತ್ತಾರೆ. ಈಚೆಯಿಂದ ಬಂದ ಕರೆಯನ್ನು ಆಚೆಗೆ ದಾಟಿಸಿ, ಉತ್ತರವನ್ನು ಹಿಂದಕ್ಕೆ ತಂದುಕೊಡುವುದು ಅದರ ಕೆಲಸ. ಒಂದು ವಾರ್ ಫೈಲನ್ನು ಟಾಮ್‌ಕ್ಯಾಟಿನ ವೆಬ್‌ಆಪ್ಸ್ ಫೋಲ್ಡರಿಗೆ ಹಾಕಿ, ಒಂದು ಸಲ ರೀಸ್ಟಾರ್ಟ್ ಮಾಡಿದರೆ ಮುಗಿಯಿತು. ವೆಬ್‌ಲಾಜಿಕ್, ಜೆಟ್ಟಿಗಳಂಥವು ಇಂಥ ಸರ್ವ್‌ಲೆಟ್ಟನ್ನು ತಮ್ಮ ಜೊತೆಗೇ ಕೊಟ್ಟಿವೆ. ‘ಪ್ರಾಕ್ಸಿ ತಾನೇ, ಅದರಲ್ಲಿ ನಮ್ಮದೇನಿದೆ? ಬಂದದ್ದನ್ನು ದಾಟಿಸುತ್ತದೆ, ಅಷ್ಟೇ’ ಎನ್ನುವುದು ಕಸುಬಿನಲ್ಲಿ ಬೇರುಬಿಟ್ಟಿರುವ ಅಭಿಪ್ರಾಯ. ಈ ಅಭಿಪ್ರಾಯ ತಪ್ಪು, ಅಪಾಯಕಾರಿ ಕೂಡ ಎಂದು ವಾದಿಸುವುದಕ್ಕೆ ಈ ಲೇಖನ. ಎಲ್ಲವನ್ನೂ ದಾಟಿಸುವ ಪ್ರಾಕ್ಸಿ ತನ್ನನ್ನು ಇಟ್ಟುಕೊಂಡವರ ಹೆಸರಿನಲ್ಲಿ ಮಾತಾಡುತ್ತದೆ. ಯಾರು ಬಂದು ಏನು ಹೇಳಿದರೂ ಅದನ್ನು ಯಜಮಾನನ ಮಾತೆಂದು ಸಾರುವ ಪ್ರೋಗ್ರಾಮನ್ನು ಸರ್ವರಿನ ಮೇಲೆ ಇಡಲೇಬಾರದು.

ಗಾಳಿಯಲ್ಲಿ ವಾದ ಮಾಡುವುದಕ್ಕಿಂತ ಒಂದು ಊರನ್ನು ಮುಂದಿಟ್ಟುಕೊಳ್ಳುವುದು ಮೇಲು. ಕೊಯಮತ್ತೂರಿನಿಂದ ತಿರುಚ್ಚಿಗೆ ಹೋಗುವ ಹೆದ್ದಾರಿಯ ಮೇಲಿರುವ ಪಲ್ಲಡಂ 2009ರಲ್ಲಿ ತಿರುಪ್ಪೂರು ಜಿಲ್ಲೆ ಹುಟ್ಟುವ ತನಕ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಕನ್ನಡ ಮನೆಮಾತಿನ ದೇವಾಂಗ ನೇಕಾರರು ತಲೆತಲಾಂತರದಿಂದ ಬಾಳಿದ ಸೀಮೆ ಅದು. ಇಂದು ಅಲ್ಲಿ ವಿದ್ಯುತ್ ಮಗ್ಗಗಳದ್ದೇ ಕಾರುಬಾರು. ಅದರಲ್ಲಿ ಬಹುಪಾಲು ಕೂಲಿ ನೇಯ್ಗೆ: ಬಟ್ಟೆಯ ಯಜಮಾನರು ಹಾಸು ಹೊಕ್ಕಿನ ನೂಲು ಕೊಡುತ್ತಾರೆ, ಮಗ್ಗದವರು ನೇಯ್ದು ಕಾಡಾ (ಬಣ್ಣ ಹಾಕದ) ಬಟ್ಟೆಯನ್ನು ಹಿಂತಿರುಗಿಸಿ ಕೂಲಿ ಪಡೆಯುತ್ತಾರೆ. ಹೀಗಾಗಿ ಮಾಲು ಒಂದೆಡೆ ನಿಲ್ಲುವುದೇ ಇಲ್ಲ. ನೂಲು ಮಗ್ಗಕ್ಕೆ, ಬಟ್ಟೆ ಯಜಮಾನರಲ್ಲಿಗೆ, ಅಲ್ಲಿಂದ ಬಣ್ಣಕ್ಕೆ, ಬಣ್ಣದಿಂದ ಹೊಲಿಗೆಗೆ ಎಂದು ಸದಾ ದಾರಿಯಲ್ಲೇ ಇರುತ್ತದೆ. ಮಾಲು ಕದಲಿದಾಗಲೆಲ್ಲ ಕಾಗದವೂ ಕದಲಬೇಕು. 2018ರ ಜೂನ್ 2ರಿಂದ ತಮಿಳುನಾಡಿನ ಒಳಗೇ ಸಾಗುವ ಮಾಲಿಗೂ ಜಿಎಸ್‌ಟಿಯ ಸಾಗಣೆ ಚೀಟಿಯಾದ ಇ-ವೇ ಬಿಲ್ ಬಂತು, ಒಂದು ಲಕ್ಷ ರೂಪಾಯಿ ಮೀರಿದರೆ. ಕೂಲಿ ಕೆಲಸಕ್ಕೆಂದು ಯಜಮಾನರು ಬೇರೆ ರಾಜ್ಯಕ್ಕೆ, ಉದಾಹರಣೆಗೆ ಕರ್ನಾಟಕಕ್ಕೆ, ಮಾಲು ಕಳಿಸಿದರೆ ಬೆಲೆ ಎಷ್ಟೇ ಇರಲಿ ಬಿಲ್ ಬೇಕು. 2023ರ ಆಗಸ್ಟ್ 1ರಿಂದ ಐದು ಕೋಟಿ ರೂಪಾಯಿ ವಹಿವಾಟು ದಾಟಿದವರೆಲ್ಲ ಇ-ಇನ್ವಾಯ್ಸನ್ನೂ ಮಾಡಬೇಕು. ಈ ಇ-ವೇ ಬಿಲ್ ವ್ಯವಸ್ಥೆ ಕನ್ನಡಿಗರಿಗೆ ಹೊಸದೇನಲ್ಲ. ಅದನ್ನು ಕಟ್ಟಿದ್ದು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಕರ್ನಾಟಕ ಘಟಕ, 2017ರ ಸೆಪ್ಟೆಂಬರಿನಲ್ಲಿ ಮೊದಲು ಜಾರಿಗೆ ತಂದದ್ದೂ ಕರ್ನಾಟಕವೇ.

ಈ ಬಿಲ್ಲುಗಳನ್ನು ಒಂದೊಂದಾಗಿ ಪೋರ್ಟಲಿನಲ್ಲಿ ಟೈಪ್ ಮಾಡುವುದು ದಿನಕ್ಕೆ ನಾಲ್ಕು ಬಿಲ್ ಮಾಡುವವರಿಗೆ ಸರಿ. ನೂರಾರು ಮಾಡುವವರು ತಮ್ಮ ಲೆಕ್ಕದ ತಂತ್ರಾಂಶವನ್ನೇ ಸರ್ಕಾರಿ ಗೇಟ್‌ವೇಗೆ ಜೋಡಿಸುತ್ತಾರೆ. ನೇರ ಜೋಡಣೆ ಪಡೆದವರು ತಮ್ಮ ಸ್ಥಿರ ಐಪಿ ವಿಳಾಸವನ್ನು ಮೊದಲೇ ನೋಂದಾಯಿಸಬೇಕು, ಬೇರೆ ವಿಳಾಸದಿಂದ ಬಂದ ಕರೆಯನ್ನು ಗೇಟ್‌ವೇ ತಿರಸ್ಕರಿಸುತ್ತದೆ. ಉಳಿದವರು ಜಿಎಸ್‌ಟಿ ಸುವಿಧಾ ಪೂರೈಕೆದಾರರ ಮೂಲಕ ಹೋಗುತ್ತಾರೆ. ಹೇಗೆ ಹೋದರೂ ಕ್ಲೈಂಟ್ ಐಡಿ, ಗುಟ್ಟಿನ ಕೀಲಿ, ಬಳಕೆದಾರರ ಹೆಸರು, ಪಾಸ್‌ವರ್ಡ್ ಇವನ್ನೆಲ್ಲ ಒಂದು ಸರ್ವರ್ ಇಟ್ಟುಕೊಂಡಿರಬೇಕು. ಲಾಗಿನ್ ಆದರೆ ಆರು ಗಂಟೆ ಚಾಲ್ತಿಯಿರುವ ಟೋಕನ್ ಸಿಗುತ್ತದೆ. ಗೋದಾಮು ಒಂದು ಕಡೆ, ಕಚೇರಿ ಇನ್ನೊಂದು ಕಡೆ, ಬಣ್ಣದ ಘಟಕ ಮತ್ತೊಂದು ಕಡೆ ಇರುವ ಸಂಸ್ಥೆಯಲ್ಲಿ ನೋಂದಾಯಿತ ವಿಳಾಸ ಇರುವುದು ಕಚೇರಿಯ ಸರ್ವರಿಗೆ ಮಾತ್ರ. ಪ್ರಾಕ್ಸಿ ಸರ್ವ್‌ಲೆಟ್ಟಿನ ಪ್ರವೇಶ ಇಲ್ಲಿ. ಆ ಸರ್ವರಿನಲ್ಲಿ ಹೇಗೂ ಟಾಮ್‌ಕ್ಯಾಟ್ ಓಡುತ್ತಿದ್ದರೆ ಅದರೊಳಗೇ ಒಂದು ಸರ್ವ್‌ಲೆಟ್ ಹಾಕಿ, ವೆಬ್.ಎಕ್ಸ್‌ಎಂಎಲ್ ಫೈಲಿನಲ್ಲಿ ‘ಪ್ರಾಕ್ಸಿ’ ಎಂದು ಶುರುವಾಗುವ ದಾರಿಯ ಮುಂದೆ ಒಂದು ನಕ್ಷತ್ರ ಚಿಹ್ನೆ ಬರೆದರೆ ಎಲ್ಲ ಕಡೆಯವರ ಕೆಲಸವೂ ನಡೆಯುತ್ತದೆ. ನನ್ನ ತಕರಾರೆಲ್ಲ ಆ ನಕ್ಷತ್ರ ಚಿಹ್ನೆಯ ಮೇಲೆ. ಅದರ ಅರ್ಥ, ಈ ದಾರಿಯಲ್ಲಿ ಮುಂದೆ ಏನೇ ಬರೆದಿದ್ದರೂ ದಾಟಿಸು ಎಂದು.

ಕಚೇರಿಗೆ ಬೇಕಾದದ್ದು ಬಿಲ್ ಮಾಡುವುದು, ಲಾರಿ ನಂಬರ್ ಬದಲಿಸುವುದು, ತಪ್ಪಾದದ್ದನ್ನು ರದ್ದು ಮಾಡುವುದು. ನಕ್ಷತ್ರ ಚಿಹ್ನೆ ಬಿಟ್ಟುಕೊಡುವುದು ಗೇಟ್‌ವೇಯಲ್ಲಿ ಆ ಸಂಸ್ಥೆಗೆ ಇರುವ ಎಲ್ಲ ಅಧಿಕಾರವನ್ನೂ: ಅವಧಿ ವಿಸ್ತರಿಸುವುದು, ಬೇರೆಯವರು ತಮ್ಮ ಹೆಸರಿಗೆ ಮಾಡಿದ ಬಿಲ್ಲನ್ನು ತಿರಸ್ಕರಿಸುವುದು, ಯಾರೊಡನೆ ಎಷ್ಟು ವಹಿವಾಟು ನಡೆದಿದೆ ಎಂದು ಹೆಕ್ಕಿ ತೆಗೆಯುವುದು. ಪ್ರಾಕ್ಸಿಯೇ ಟೋಕನ್ ಸೇರಿಸಿ ಕಳಿಸುವ ಹಾಗಿದ್ದರೆ, ಅದನ್ನು ಮುಟ್ಟಬಲ್ಲ ಯಾವ ಕಂಪ್ಯೂಟರ್ ಆದರೂ ಸಂಸ್ಥೆಯ ಜಿಎಸ್‌ಟಿ ಸಂಖ್ಯೆಯಲ್ಲಿ ಬಿಲ್ ಮಾಡಬಹುದು. ಪಾಸ್‌ವರ್ಡ್ ಕದಿಯುವ ಶ್ರಮ ಬೇಡ, ಗೂಢಲಿಪಿ ಒಡೆಯುವುದೂ ಬೇಡ. ಇ-ವೇ ಬಿಲ್ಲನ್ನಾಗಲಿ ಇ-ಇನ್ವಾಯ್ಸನ್ನಾಗಲಿ ಮಾಡಿದ 24 ಗಂಟೆಯೊಳಗೆ ಮಾತ್ರ ರದ್ದು ಮಾಡಬಹುದು. ಶನಿವಾರ ಸಂಜೆ ಯಾರೋ ಮಾಡಿದ ಸುಳ್ಳು ಬಿಲ್ ಸೋಮವಾರ ಬೆಳಿಗ್ಗೆ ಲೆಕ್ಕಿಗರ ಕಣ್ಣಿಗೆ ಬೀಳುವ ಹೊತ್ತಿಗೆ ಆ ಗಡುವು ಮುಗಿದಿರುತ್ತದೆ. ಆಮೇಲೆ ಅದು ಪೋರ್ಟಲಿನಲ್ಲಿ ತಿದ್ದಲಾಗದ ದಾಖಲೆ, ಆ ಮಾಲಿಗೆ ತೆರಿಗೆ ಎಲ್ಲಿ ಎಂದು ಇಲಾಖೆ ಕೇಳಿದಾಗ ಉತ್ತರ ಕೊಡಬೇಕಾದವರು ಜಿಎಸ್‌ಟಿ ಸಂಖ್ಯೆಯ ಒಡೆಯರು. ಪ್ರಾಕ್ಸಿಯಲ್ಲಿ ನಮ್ಮದೇನೂ ಇಲ್ಲ ಎಂಬ ಮಾತು ಇಲ್ಲಿಗೇ ಬಿದ್ದುಹೋಗುತ್ತದೆ. ಅದರಲ್ಲಿ ದತ್ತಾಂಶ ಇಲ್ಲದಿರಬಹುದು, ಸಂಸ್ಥೆಯ ಸಹಿ ಇದೆ.

ಇದು ಹೆದರಿಸಲು ಕಟ್ಟಿದ ಕತೆ ಎನ್ನುವವರು ಹದಿನೈದು ವರ್ಷಗಳ ದಾಖಲೆ ತಿರುವಿಹಾಕಲಿ. ವೆಬ್‌ಲಾಜಿಕ್ ಸರ್ವರಿನ ಜೊತೆ ಬರುತ್ತಿದ್ದ ಯುಡಿಡಿಐ ಎಕ್ಸ್‌ಪ್ಲೋರರ್ ಎಂಬ ಉಪಪ್ರೋಗ್ರಾಮಿನ ಒಂದು ಜೆಎಸ್‌ಪಿ ಪುಟ, ಬ್ರೌಸರಿನಿಂದ ಬಂದ ವಿಳಾಸಕ್ಕೆ ತಾನೇ ಕರೆ ಮಾಡುತ್ತಿತ್ತು. ಹೊರಗೆ ಕುಳಿತವರು ಅದರ ಮೂಲಕ ಒಳಗಿನ ಜಾಲದಲ್ಲಿ ಯಾವ ಯಂತ್ರ ಇದೆ, ಯಾವ ಪೋರ್ಟ್ ತೆರೆದಿದೆ ಎಂದು ತಡಕಬಹುದಿತ್ತು. ಅದು ಸಿವಿಇ-2014-4210 ಎಂದು ದಾಖಲಾಗಿದೆ. ನಕ್ಷೆಗಳನ್ನು ಹಂಚಲು ಎಷ್ಟೋ ಸರ್ಕಾರಿ ಇಲಾಖೆಗಳು ಬಳಸುವ ಜಾವಾ ತಂತ್ರಾಂಶ ಜಿಯೋಸರ್ವರಿನಲ್ಲಿ, ಪರೀಕ್ಷೆಗೆಂದು ಇಟ್ಟಿದ್ದ ಒಂದು ಪುಟ್ಟ ಸರ್ವ್‌ಲೆಟ್ಟಿನಿಂದ ಇಂಥದೇ ತೂತು ಹೊರಬಿತ್ತು. 2021ರ ಮಾರ್ಚಿನಲ್ಲಿ ಜಗತ್ತಿನಾದ್ಯಂತ ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್ ಅಂಚೆ ಸರ್ವರ್‌ಗಳನ್ನು ಕೆಡವಿದ ಪ್ರಾಕ್ಸಿಲಾಗಾನ್ ಜಾವಾಕ್ಕೆ ಸೇರಿದ್ದಲ್ಲವಾದರೂ ನನ್ನ ವಾದಕ್ಕೆ ಅದಕ್ಕಿಂತ ಸ್ಪಷ್ಟ ಸಾಕ್ಷಿ ಬೇರೆ ಬೇಡ: ಮುಂದಿನ ಸರ್ವರ್ ಬಂದ ಕರೆಯನ್ನು ಹಿಂದಿನ ಸರ್ವರಿಗೆ ದಾಟಿಸುವಾಗ ತನ್ನದೇ ಗುರುತನ್ನು ಹಚ್ಚಿ ಕಳಿಸುತ್ತಿತ್ತು, ಹಿಂದಿನದು ಆ ಗುರುತನ್ನು ನಂಬುತ್ತಿತ್ತು. 2019ರಲ್ಲಿ ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕಿನಲ್ಲಿ ಆದದ್ದೂ ಇದೇ. ಅಲ್ಲಿ ದಾಟಿಸುವ ಕೆಲಸ ಮಾಡುತ್ತಿದ್ದುದು ರಕ್ಷಣೆಗೆಂದೇ ಇಟ್ಟ ವೆಬ್ ಫೈರ್‌ವಾಲ್. ಹೊರಗಿನವರು ಅದರ ಕೈಯಲ್ಲಿ 169.254.169.254 ಎಂಬ ಒಳವಿಳಾಸಕ್ಕೆ ಕರೆ ಮಾಡಿಸಿದರು, ಅಮೆಜಾನ್ ಕ್ಲೌಡಿನಲ್ಲಿ ಆ ವಿಳಾಸ ಯಂತ್ರದ ತಾತ್ಕಾಲಿಕ ಕೀಲಿಗಳನ್ನು ಕೊಡುತ್ತದೆ. ಅಮೆರಿಕದ ಸುಮಾರು 10 ಕೋಟಿ, ಕೆನಡಾದ ಸುಮಾರು 60 ಲಕ್ಷ ಜನರ ವಿವರ ಹೋಯಿತು. ಮರುವರ್ಷ ಬ್ಯಾಂಕಿನ ಮೇಲೆ ಬಿದ್ದ ದಂಡ 8 ಕೋಟಿ ಡಾಲರ್. ಇಷ್ಟೆಲ್ಲ ಆದ ಮೇಲೆ 2021ರಲ್ಲಿ ಓವಾಸ್ಪ್ ಸಂಸ್ಥೆ ತನ್ನ ಹತ್ತು ಮುಖ್ಯ ಅಪಾಯಗಳ ಪಟ್ಟಿಯಲ್ಲಿ, ಸರ್ವರಿನಿಂದ ಮೋಸದ ಕರೆ ಮಾಡಿಸುವ ಈ ಬಗೆಗೆ ಪ್ರತ್ಯೇಕ ಸ್ಥಾನ ಕೊಟ್ಟಿತು.

‘ಅವು ಇಂಟರ್ನೆಟ್ಟಿಗೆ ತೆರೆದ ಸರ್ವರ್‌ಗಳು. ನಮ್ಮದು ಕಚೇರಿಯ ಒಳಗಿದೆ, ಫೈರ್‌ವಾಲ್ ಇದೆ’ ಎಂಬುದು ಮೊದಲ ಆಕ್ಷೇಪ, ಎಲ್ಲಕ್ಕಿಂತ ಹೆಚ್ಚು ಕೇಳುವಂಥದು. ಫೈರ್‌ವಾಲ್ ತಡೆಯುವುದು ಹೊರಗಿನಿಂದ ಒಳಗೆ ಬರುವುದನ್ನು. ಪ್ರಾಕ್ಸಿಯನ್ನು ಕರೆಯುವ ಬ್ರೌಸರ್ ಆಗಲೇ ಒಳಗಿದೆ. ಬಿಲ್ ಮಾಡುವ ಹುಡುಗ ಅದೇ ಕಂಪ್ಯೂಟರಿನಲ್ಲಿ ನೂಲಿನ ದರ ನೋಡಲು ಇನ್ನೊಂದು ಪುಟ ತೆರೆದಿರುತ್ತಾನೆ. ಆ ಪುಟದಲ್ಲಿರುವ ಸ್ಕ್ರಿಪ್ಟ್ ಕಚೇರಿಯ ಒಳವಿಳಾಸಕ್ಕೆ ಒಂದು ಸರಳ ಪೋಸ್ಟ್ ಕರೆ ಮಾಡಿದರೆ ಕರೆ ಹೋಗಿಯೇ ಹೋಗುತ್ತದೆ. ಸೇಮ್ ಆರಿಜಿನ್ ನಿಯಮ ತಡೆಯುವುದು ಉತ್ತರ ಓದುವುದನ್ನು, ಕರೆ ಹೋಗುವುದನ್ನಲ್ಲ. ಡಿಎನ್‌ಎಸ್ ರಿಬೈಂಡಿಂಗ್ ಎಂಬ ಉಪಾಯದಿಂದ ಉತ್ತರವನ್ನೂ ಓದಬಹುದು: ಪುಟ ಬಂದ ಹೆಸರಿಗೇ ಎರಡನೆಯ ಸಲ ಒಳಗಿನ ಐಪಿ ವಿಳಾಸ ಸಿಗುವ ಹಾಗೆ ಮಾಡಿದರೆ ಬ್ರೌಸರಿಗೆ ಎರಡೂ ಒಂದೇ ಎನಿಸುತ್ತದೆ. ಬ್ರೌಸರ್ ತಯಾರಕರು ಇಂಥ ಕರೆಗಳಿಗೆ ಈಚೆಗೆ ಅಡ್ಡಿ ಒಡ್ಡುತ್ತಿದ್ದಾರೆ, ಅದು ಒಳ್ಳೆಯದೇ. ಆದರೆ ಗೋದಾಮಿನ ಮೂಲೆಯಲ್ಲಿರುವ ಹಳೆಯ ಕಂಪ್ಯೂಟರಿನ ಬ್ರೌಸರ್ ಯಾವ ಕಾಲದ್ದೋ, ಅದರ ಮೇಲೆ ಸಂಸ್ಥೆಯ ತೆರಿಗೆ ಗುರುತನ್ನು ಪಣಕ್ಕಿಡುವುದು ಹೇಗೆ? ಸಂದರ್ಶಕರಿಗೆ ಕೊಟ್ಟ ವೈಫೈ, ಲೆಕ್ಕ ನೋಡುವವರಿಗೆ ತೆರೆದಿಟ್ಟ ರಿಮೋಟ್ ಡೆಸ್ಕ್‌ಟಾಪ್, ಎಲ್ಲವೂ ಒಳಗೇ ಸೇರಿಕೊಂಡಿರುತ್ತವೆ. ಒಳಗಿರುವವರೆಲ್ಲ ನಂಬಿಕಸ್ಥರು ಎಂಬ ಎಣಿಕೆಯ ಮೇಲೆ ನಿಂತ ಭದ್ರತೆ, ಒಳಗೆ ಒಬ್ಬರು ಎಡವಿದ ದಿನ ಮುಗಿಯುತ್ತದೆ.

ಎಡವಿದವರು ಯಾರೆಂಬುದಾದರೂ ಗೊತ್ತಾಗುತ್ತದೆಯೇ? ಗೇಟ್‌ವೇಯ ಕಡೆ ಕಾಣುವುದು ಒಂದು ಐಪಿ, ಒಂದು ಬಳಕೆದಾರ ಹೆಸರು. ಕರೆ ಗೋದಾಮಿನಿಂದ ಬಂತೋ, ಬಣ್ಣದ ಘಟಕದಿಂದ ಬಂತೋ, ವೈಫೈ ಹಿಡಿದ ಅಪರಿಚಿತರಿಂದ ಬಂತೋ, ಪ್ರಾಕ್ಸಿ ದಾಟಿದ ಮೇಲೆ ಎಲ್ಲವೂ ಒಂದೇ. ಈಚೆಯ ಕಡೆ ಪ್ರಾಕ್ಸಿಯೇ ಬರೆದಿಡದಿದ್ದರೆ ಇನ್ನಾರೂ ಬರೆದಿಡುವುದಿಲ್ಲ. ಟಾಮ್‌ಕ್ಯಾಟಿನ ಆಕ್ಸೆಸ್ ಲಾಗ್ ವಿಳಾಸವನ್ನೂ ಹೊತ್ತನ್ನೂ ಕೊಟ್ಟೀತು, ಒಳಗೆ ಯಾವ ಬಿಲ್ಲಿನ ಯಾವ ಮೊತ್ತ ಇತ್ತೆಂದು ಕೊಡದು. ಅದರ ಮುಂದೆ ಇನ್ನೊಂದು ವೆಬ್ ಸರ್ವರ್ ಇದ್ದು, ಮೂಲ ವಿಳಾಸವನ್ನು ತರುವ ವ್ಯವಸ್ಥೆ ಮಾಡದಿದ್ದರೆ ವಿಳಾಸವೂ ಸಿಗದು. ದಾಟಿಸುವ ಕೊಳವೆಯ ಹೊಣೆ ಯಾರದ್ದೆಂಬ ಪ್ರಶ್ನೆಯನ್ನು ಪಲ್ಲಡಂ ಸೀಮೆ ಇನ್ನೊಂದು ರೂಪದಲ್ಲಿ ಕಂಡಿದೆ. ತಿರುಪ್ಪೂರಿನ ಬಣ್ಣದ ಘಟಕಗಳ ಕೊಳೆನೀರು ಎಲ್ಲ ಸೇರಿ ನೊಯ್ಯಲ್ ನದಿಗೆ ಹೋದಾಗ ಅದರಲ್ಲಿ ಯಾರ ಪಾಲು ಎಷ್ಟೆಂದು ಬೇರ್ಪಡಿಸುವುದು ಸಾಧ್ಯವಿರಲಿಲ್ಲ. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಘಟಕಗಳನ್ನೂ ಸಾಮೂಹಿಕ ಶುದ್ಧೀಕರಣ ಸ್ಥಾವರಗಳನ್ನೂ ಒಟ್ಟಿಗೇ ಮುಚ್ಚಿಸಿತು. ನಾವು ಬರೀ ದಾಟಿಸಿದ್ದೆವು ಎಂಬ ಸಮಾಧಾನಕ್ಕೆ ಅಲ್ಲಿ ಎಡೆ ಸಿಗಲಿಲ್ಲ. ತೆರಿಗೆ ಅಧಿಕಾರಿಯ ಮುಂದೆಯೂ ಸಿಗದು.

ಇನ್ನೊಂದು ಹಾನಿ ನಿಧಾನವಾಗಿ ಬರುವಂಥದು, ಆದ್ದರಿಂದ ಅದನ್ನು ಪ್ರಾಕ್ಸಿಯ ತಲೆಗೆ ಯಾರೂ ಕಟ್ಟುವುದಿಲ್ಲ. ಸಾಮಾನ್ಯ ಸರ್ವ್‌ಲೆಟ್ ಒಂದು ಕರೆಗೆ ಒಂದು ಥ್ರೆಡ್ಡನ್ನು ಹಿಡಿದಿಟ್ಟುಕೊಳ್ಳುತ್ತದೆ. ಟಾಮ್‌ಕ್ಯಾಟ್ ತಾನಾಗಿ ಕೊಡುವ ಮಿತಿ 200 ಥ್ರೆಡ್. ಆಚೆಯ ಗೇಟ್‌ವೇ ಅರ್ಧ ಸೆಕೆಂಡಿನಲ್ಲಿ ಉತ್ತರಿಸುವಾಗ 200 ಧಾರಾಳವಾಯಿತು, ಸೆಕೆಂಡಿಗೆ 400 ಕರೆ ನಡೆಯುತ್ತದೆ. ತಿಂಗಳ ಕೊನೆಯ ದಿನ ಅದೇ ಗೇಟ್‌ವೇ 30 ಸೆಕೆಂಡ್ ತೆಗೆದುಕೊಂಡರೆ ಸೆಕೆಂಡಿಗೆ ಏಳು ಕರೆಯೂ ಸಾಗದು. ಎಷ್ಟೋ ಕಡೆ ಪ್ರಾಕ್ಸಿ ಬರೆದವರು ಬಳಸುವುದು ಜಾವಾದ ಹಳೆಯ ಎಚ್‌ಟಿಟಿಪಿ‌ಯುಆರ್‌ಎಲ್‌ಕನೆಕ್ಷನ್ ಕ್ಲಾಸನ್ನು. ಅದರಲ್ಲಿ ಟೈಮ್‌ಔಟ್ ಹೇಳದಿದ್ದರೆ ಬೆಲೆ ಸೊನ್ನೆ, ಸೊನ್ನೆಯೆಂದರೆ ಕೊನೆಯಿಲ್ಲದೆ ಕಾಯುವುದು. ಆಚೆಯ ಕಡೆ ಉತ್ತರ ನಿಂತರೆ ಇನ್ನೂರು ಥ್ರೆಡ್ಡುಗಳೂ ನಿಲ್ಲುತ್ತವೆ. ಅದೇ ಟಾಮ್‌ಕ್ಯಾಟಿನಲ್ಲಿ ನೂಲಿನ ದಾಸ್ತಾನು, ಮಗ್ಗದವರ ಕೂಲಿ ಲೆಕ್ಕ, ಪೇಮೆಂಟ್ ಎಲ್ಲ ಇದ್ದರೆ ಅವೂ ನಿಲ್ಲುತ್ತವೆ. ಸರ್ಕಾರಿ ಗೇಟ್‌ವೇ ನಿಲ್ಲುವುದಿಲ್ಲವೆಂದು ನಂಬುವವರು 2018ರ ಫೆಬ್ರವರಿ 1ನ್ನು ನೆನೆಯಲಿ. ದೇಶಕ್ಕೆಲ್ಲ ಇ-ವೇ ಬಿಲ್ ಜಾರಿಯಾಗಬೇಕಿದ್ದ ಆ ದಿನವೇ ವ್ಯವಸ್ಥೆ ಕುಸಿದು, ಜಾರಿ ಏಪ್ರಿಲ್ 1ಕ್ಕೆ ಮುಂದೆ ಹೋಯಿತು. ಲಾರಿ ಬಾಗಿಲಲ್ಲಿ ನಿಂತಿರುವಾಗ ಬಿಲ್ ಆಗದಿರುವುದು ಸರ್ಕಾರದ ತೊಂದರೆ ಇರಬಹುದು, ಶನಿವಾರದ ಕೂಲಿ ಬಟವಾಡೆ ನಿಲ್ಲುವುದು ಪ್ರಾಕ್ಸಿಯನ್ನು ಅಲ್ಲಿ ಇಟ್ಟವರ ತಪ್ಪು.

ಬಲ್ಲವರು ಇಲ್ಲಿ ಎದುರು ನುಡಿಯುತ್ತಾರೆ, ಅವರ ಮಾತನ್ನು ಹಗುರವಾಗಿ ತಳ್ಳುವ ಹಾಗಿಲ್ಲ. ಕೈಯಲ್ಲಿ ಬರೆದ ಪ್ರಾಕ್ಸಿ ಕೆಟ್ಟದ್ದಿರಬಹುದು, ಆದರೆ ಒಳ್ಳೆಯ ಲೈಬ್ರರಿಗಳಿವೆಯಲ್ಲ ಎನ್ನುತ್ತಾರೆ. ನಿಜ. ಡೇವಿಡ್ ಸ್ಮೈಲಿ ಬರೆದ ಹೆಸರಾಂತ ಪ್ರಾಕ್ಸಿ ಸರ್ವ್‌ಲೆಟ್ ಗುರಿಯ ವಿಳಾಸವನ್ನು ಕಾನ್ಫಿಗರೇಶನ್ನಿನಿಂದ ತೆಗೆದುಕೊಳ್ಳುತ್ತದೆ, ಮುಂದೆ ಹೋಗಬಾರದ ಹೆಡರ್‌ಗಳನ್ನು ತೆಗೆದುಹಾಕುತ್ತದೆ, ಆಚೆಯ ಕುಕಿಯ ಹೆಸರಿಗೆ ಗುರುತು ಸೇರಿಸಿ ನಮ್ಮ ಕುಕಿಯೊಂದಿಗೆ ಬೆರೆಯದಂತೆ ನೋಡಿಕೊಳ್ಳುತ್ತದೆ. ಕೈಬರಹದ ಪ್ರಾಕ್ಸಿಗಳು ನಮ್ಮ ಜೆ‌ಸೆಷನ್‌ಐಡಿ ಕುಕಿಯನ್ನೇ ಹೊರಗಿನ ಸರ್ವರಿಗೆ ಒಪ್ಪಿಸಿ ಬರುತ್ತವೆ. ಅದಕ್ಕೆ ಹೋಲಿಸಿದರೆ ಇದು ಎಷ್ಟೋ ಮೇಲು. ಥ್ರೆಡ್ಡಿನ ತೊಂದರೆಗೂ ಪರಿಹಾರ ಇದೆ. 2009ರ ಸರ್ವ್‌ಲೆಟ್ 3.0 ಅಸಿಂಕ್ ಸೌಲಭ್ಯ ತಂದಿತು, 2023ರ ಜಾವಾ 21 ವರ್ಚುವಲ್ ಥ್ರೆಡ್ ತಂದಿತು. ಇವನ್ನೆಲ್ಲ ಒಪ್ಪಿದರೂ ಮೂಲ ಪ್ರಶ್ನೆ ಹಾಗೇ ಉಳಿಯುತ್ತದೆ. ಥ್ರೆಡ್ ಅಗ್ಗವಾದರೆ ಮೋಸದ ಕರೆಯೂ ಅಗ್ಗವಾಗಿ ದಾಟುತ್ತದೆ. ಹೆಡರ್ ಶುದ್ಧವಾದ ಮಾತ್ರಕ್ಕೆ ಕರೆ ಮಾಡಿದವರು ಯಾರೆಂದು ತಿಳಿಯುವುದಿಲ್ಲ. ಒಪ್ಪಿತ ವಿಳಾಸಗಳ ಪಟ್ಟಿ ಇಟ್ಟರೆ ಸಾಕು ಎನ್ನುವವರಿಗೂ ಒಂದು ಮಾತು. ಪಟ್ಟಿಯನ್ನು ಮೊದಲ ವಿಳಾಸಕ್ಕೆ ಮಾತ್ರ ನೋಡಿ, ಆಚೆಯಿಂದ ಬಂದ ರಿಡೈರೆಕ್ಟನ್ನು ಕಣ್ಣುಮುಚ್ಚಿ ಹಿಂಬಾಲಿಸುವ ಪ್ರಾಕ್ಸಿಗೆ ಪಟ್ಟಿ ಇದ್ದೂ ಇಲ್ಲದಂತೆ. ಹಳೆಯ ಜಾವಾ ಕ್ಲಾಸ್ ತಾನಾಗಿಯೇ ಹಿಂಬಾಲಿಸುತ್ತದೆ, ನಾವು ಬೇಡವೆಂದು ಹೇಳಬೇಕು. ನಕ್ಷೆಗಳ ಲೋಕದಲ್ಲಿ ಬಹಳ ಬಳಕೆಯಲ್ಲಿದ್ದ ಎಸ್ರಿ ಕಂಪನಿಯ ಪ್ರಾಕ್ಸಿಯಲ್ಲಿ ಪಟ್ಟಿಗೆ ಹೊಂದಲೇಬೇಕೆಂಬ ಒಂದು ಗುಂಡಿಯಿತ್ತು. ಅದನ್ನು ‘ಫಾಲ್ಸ್’ ಎಂದು ಬದಲಿಸಿದರೆ ಪಟ್ಟಿಯೇ ಇಲ್ಲದ ಹಾಗೆ. ಅವಸರದಲ್ಲಿರುವವರ ಕೈ ಮೊದಲು ಹೋಗುವುದು ಅಂಥ ಗುಂಡಿಗೆ.

ಹಾಗಾದರೆ ನಡುವೆ ಏನೂ ಬೇಡವೇ? ಬೇಕು. ಬ್ರೌಸರಿನಿಂದಲೇ ಬೇರೆ ಸರ್ವರನ್ನು ಮಾತಾಡಿಸುವ ಕೋರ್ಸ್ ವ್ಯವಸ್ಥೆ 2014ರಿಂದ ಮಾನಕವಾಗಿದೆ, ಅದರಿಂದಾಗಿ ಹಳೆಯ ಪ್ರಾಕ್ಸಿಗಳಲ್ಲಿ ಎಷ್ಟೋ ಅನಗತ್ಯ. ಆದರೆ ಗುಟ್ಟಿನ ಕೀಲಿಯನ್ನು ಬ್ರೌಸರಿಗೆ ಕೊಡಲಾಗದು, ಐಪಿ ನೋಂದಣಿಯ ಕಟ್ಟುಪಾಡೂ ಇದೆ. ಆದ್ದರಿಂದ ಸರ್ವರಿನಲ್ಲಿ ಒಬ್ಬ ಮಧ್ಯಸ್ಥ ಇರಲೇಬೇಕು. ಆ ಮಧ್ಯಸ್ಥನಿಗೆ ತಾನು ಏನು ಮಾಡುತ್ತಿದ್ದೇನೆಂದು ತಿಳಿದಿರಬೇಕು, ನಾನು ಕೇಳುವುದು ಅಷ್ಟೇ. ದಾಟಿಸುವ ಸರ್ವ್‌ಲೆಟ್ಟಿನ ಬದಲು ‘ಬಿಲ್ ಮಾಡು’, ‘ಲಾರಿ ಬದಲಿಸು’, ‘ರದ್ದು ಮಾಡು’ ಎಂಬ ಮೂರೇ ಬಾಗಿಲುಗಳಿರುವ ಒಂದು ಸೇವೆಯನ್ನು ಬರೆಯಿರಿ. ಪ್ರತಿ ಬಾಗಿಲಲ್ಲೂ ಬಂದವರು ಯಾರೆಂದು ಲಾಗಿನ್ ಕೇಳಲಿ, ಗೇಟ್‌ವೇಯ ವಿಳಾಸವನ್ನು ಕರೆಯಿಂದ ಎತ್ತಿಕೊಳ್ಳದೆ ತಾನೇ ಬರೆಯಲಿ, ಬಿಲ್ಲಿನ ಸಂಖ್ಯೆ ಮೊತ್ತಗಳನ್ನು ಹೆಸರಿನೊಡನೆ ದಾಖಲಿಸಲಿ, ಹತ್ತು ಸೆಕೆಂಡಿನಲ್ಲಿ ಉತ್ತರ ಬಾರದಿದ್ದರೆ ಬಿಟ್ಟು ಬರಲಿ. ಅದು ಬೇರೆ ಟಾಮ್‌ಕ್ಯಾಟಿನಲ್ಲಿ ಓಡಿದರೆ ಕೂಲಿ ಲೆಕ್ಕ ಸುರಕ್ಷಿತ. ನಿಜವಾಗಿಯೂ ಬರೀ ದಾಟಿಸುವ ಕೆಲಸವಷ್ಟೇ ಇದ್ದರೆ ಅದನ್ನು ಎಂಜಿನ್‌ಎಕ್ಸ್ ಅಥವಾ ಅಪಾಚೆ ವೆಬ್ ಸರ್ವರಿಗೆ ಒಪ್ಪಿಸಬಹುದು, ಅವು ಅದಕ್ಕೆಂದೇ ಪಳಗಿದವು. ಅವೂ ಸರ್ವರೋಗಕ್ಕೆ ಮದ್ದಲ್ಲ. ದಾರಿಯಲ್ಲಿ ಎರಡು ಚುಕ್ಕೆಯ ಜೊತೆ ಒಂದು ಅರ್ಧವಿರಾಮ ಬರೆದರೆ ಎಂಜಿನ್‌ಎಕ್ಸ್ ಅದನ್ನು ಸಾಮಾನ್ಯ ಹೆಸರೆಂದು ಓದುತ್ತದೆ, ಟಾಮ್‌ಕ್ಯಾಟ್ ಒಂದು ಫೋಲ್ಡರ್ ಹಿಂದಕ್ಕೆ ಹೋಗುತ್ತದೆ. ಆ ಒಂದು ಅಕ್ಷರದ ಭಿನ್ನಾಭಿಪ್ರಾಯದಿಂದ ಟಾಮ್‌ಕ್ಯಾಟಿನ ಮ್ಯಾನೇಜರ್ ಪುಟ ಹೊರಜಗತ್ತಿಗೆ ಕಾಣಿಸಿದ ಉದಾಹರಣೆಗಳಿವೆ. ಎರಡು ಪ್ರೋಗ್ರಾಂಗಳ ನಡುವೆ ಮಾತು ದಾಟುವ ಕಡೆಯಲ್ಲೆಲ್ಲ ಎರಡೂ ಅದನ್ನು ಒಂದೇ ರೀತಿ ಓದುತ್ತವೆಯೇ ಎಂದು ನೋಡಬೇಕು.

ಕೊನೆಯ ಆಕ್ಷೇಪ ಹಣದ್ದು. ಸಣ್ಣ ಸಂಸ್ಥೆಗಳಿಗೆ ಇಷ್ಟೆಲ್ಲ ಎಲ್ಲಿಂದ ಬರಬೇಕು, ಪ್ರಾಕ್ಸಿ ಆದರೆ ಮಧ್ಯಾಹ್ನದೊಳಗೆ ಮುಗಿಯುತ್ತದೆ ಎನ್ನುತ್ತಾರೆ. ಮೂರು ಬಾಗಿಲುಗಳ ಸೇವೆ ಬರೆಯಲು ಕೆಲವು ದಿನ ಬೇಕು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಕೂಲಿಯ ಅಂಚಿನಲ್ಲಿ ಬದುಕುವ ಸಂಸ್ಥೆಗೇ ಒಂದು ಸುಳ್ಳು ಬಿಲ್ಲಿನ ಪೆಟ್ಟು ತಡೆಯಲಾಗದ್ದು. ದೊಡ್ಡ ಬ್ಯಾಂಕು 8 ಕೋಟಿ ಡಾಲರ್ ಕಟ್ಟಿ ಮರುದಿನ ಬಾಗಿಲು ತೆರೆಯುತ್ತದೆ, ನಲವತ್ತು ಮಗ್ಗಗಳ ಯಜಮಾನರಿಗೆ ತೆರಿಗೆ ನೋಟೀಸು ಬಂದರೆ ವಕೀಲರ ಶುಲ್ಕವೇ ವರ್ಷದ ಲಾಭವನ್ನು ನುಂಗೀತು. ಅಲ್ಲದೆ ಇಂದೇ ಮಾಡಬಹುದಾದ ಕೆಲಸಗಳಿಗೆ ದುಡ್ಡು ಬೇಕಿಲ್ಲ. ನಕ್ಷತ್ರ ಚಿಹ್ನೆ ತೆಗೆದು ಬೇಕಾದ ದಾರಿಗಳನ್ನು ಹೆಸರಿಟ್ಟು ಬರೆಯುವುದು, ಎರಡು ಟೈಮ್‌ಔಟ್ ಸಾಲು ಸೇರಿಸುವುದು, ರಿಡೈರೆಕ್ಟ್ ನಿಲ್ಲಿಸುವುದು, ಲಾಗಿನ್ ಇಲ್ಲದ ಕರೆಯನ್ನು ತಿರುಗಿಸಿ ಕಳಿಸುವುದು, ಇಷ್ಟಕ್ಕೆ ಒಂದು ಸಂಜೆ ಸಾಕು.

ಪಲ್ಲಡಂ, ತಿರುಪ್ಪೂರು, ಕೊಯಮತ್ತೂರುಗಳಲ್ಲಿ, ಬೆಂಗಳೂರಿನಲ್ಲಿ ಇಂಥ ಸರ್ವರ್‌ಗಳನ್ನು ನಿಲ್ಲಿಸಿಕೊಡುವ ಎಂಜಿನಿಯರುಗಳಲ್ಲಿ ಒಂದು ವಿನಂತಿ. ಮುಂದಿನ ಗಿರಾಕಿಯ ಬಳಿಗೆ ಹೋಗುವ ಮೊದಲು ಹಿಂದಿನ ಗಿರಾಕಿಯ ವೆಬ್‌ಆಪ್ಸ್ ಫೋಲ್ಡರನ್ನು ಒಮ್ಮೆ ತೆರೆದು ನೋಡಿ. ಅಲ್ಲಿ ಪ್ರಾಕ್ಸಿ ಎಂಬ ಹೆಸರಿನ ವಾರ್ ಫೈಲ್ ಇದ್ದು, ಅದಕ್ಕೆ ಎಲ್ಲಿಗೆ ಹೋಗಬೇಕೆಂದು ಕರೆ ಮಾಡಿದವರೇ ಹೇಳಬಹುದಾಗಿದ್ದರೆ, ಯಜಮಾನರಿಗೆ ವಿಷಯ ತಿಳಿಸಿ ಅದನ್ನು ಅಂದೇ ತೆಗೆದುಹಾಕಿ.